ಗುಬ್ಬಿ ಕಂಪನಿಯ ಬೆರಕೆ ಮಟ್ಟುಗಳು

ಜಾಝ್ ಫ್ಯೂಷನ್, ಪ್ರೊಗ್ರೆಸಿವ್ ರಾಕ್ ಎಂದರೆ ಬೆಂಗಳೂರಿನ ಸಂಗತಿ, ಕುಣಿಗಲ್ ಕೆರೆಯ ಜನಪದ ಹಾಡನ್ನು ಹೆತ್ತ ತುಮಕೂರು ಸೀಮೆಗೂ ಅದಕ್ಕೂ ಎತ್ತಣ ಸಂಬಂಧ ಎನ್ನುವವರು ಗುಬ್ಬಿ ಕಂಪನಿಯ ಹಾರ್ಮೋನಿಯಂ ಮೇಷ್ಟ್ರನ್ನು ಮರೆತಿರುತ್ತಾರೆ.

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಗೆ ರಾಗದ ಮಡಿ ಇರಲಿಲ್ಲ. ಮೈಸೂರು ಕಡೆ ಕ್ಯಾಂಪ್ ಹಾಕಿದರೆ ಕರ್ನಾಟಕ ಸಂಗೀತದ ಕಿವಿ, ಹುಬ್ಬಳ್ಳಿ–ಧಾರವಾಡಕ್ಕೆ ಹೋದರೆ ಹಿಂದೂಸ್ತಾನಿಯ ಕಿವಿ. ಎರಡೂ ಕಡೆಯ ಪ್ರೇಕ್ಷಕರಿಗೂ ಪಾರ್ಸಿ ನಾಟಕ ಕಂಪನಿಗಳ ಮಟ್ಟಿನ ರುಚಿ ಹತ್ತಿತ್ತು. ಟಿಕೆಟ್ ಮಾರಬೇಕಾದವರು ಮೂರನ್ನೂ ಬೆರೆಸಿದರು. ಈ ಬೆರಕೆಗೆ ಒದಗಿಬಂದದ್ದು ಲೆಗ್ ಹಾರ್ಮೋನಿಯಂ. ತಿದಿಯನ್ನು ಕಾಲಲ್ಲೇ ಒತ್ತುವುದರಿಂದ ಎರಡೂ ಕೈ ಬಿಡುವು: ಬಲಗೈ ನಟನ ಹಾಡಿನ ಬೆನ್ನುಹತ್ತಿದರೆ ಎಡಗೈ ಕೆಳಸ್ವರಗಳನ್ನು ತುಂಬುತ್ತಿತ್ತು. ನಟ ಶ್ರುತಿ ತಪ್ಪಿದರೆ ಮುಚ್ಚಿಹಾಕುವುದೂ, ‘ಒನ್ಸ್ ಮೋರ್’ ಬಿದ್ದರೆ ಮತ್ತೆ ಪಲ್ಲವಿಗೆ ಎಳೆದು ತರುವುದೂ ಮೇಷ್ಟ್ರ ಹೊಣೆಯೇ. ಕಂಪನಿಯ ಒಡೆಯ ಗುಬ್ಬಿ ವೀರಣ್ಣ 1934ರ ‘ಕುರುಕ್ಷೇತ್ರ’ದಲ್ಲಿ ರಂಗಕ್ಕೆ ತಂದ ಆನೆ, ಕುದುರೆಗಳ ಕಥೆ ಎಲ್ಲರ ಬಾಯಲ್ಲಿದೆ, ಮಟ್ಟುಗಳ ಕಥೆ ಹೇಳುವವರು ಕಡಿಮೆ.

ಮನೆ ಬಿಟ್ಟು ಬಂದು ಈ ಕಂಪನಿ ಸೇರಿದ ಹುಡುಗ ಬಿ.ವಿ. ಕಾರಂತ. ಅವರನ್ನು ವೀರಣ್ಣನವರೇ ಕಾಶಿಗೆ ಓದಲು ಕಳಿಸಿದರು. ಅಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಕಲಿತ ಕಾರಂತರು ಮುಂದೆ ರಂಗದ ಮೇಲಿನ ಸದ್ದನ್ನೆಲ್ಲ ಸಂಗೀತವೆಂದೇ ಬಳಸಿಕೊಂಡರು.

ಗಿಟಾರಿನ ನಂಟು ಸಿನಿಮಾದಿಂದ ಬಂತು. ಗುಬ್ಬಿ ಕಂಪನಿಯ ನಟ ರಾಜ್‌ಕುಮಾರ್ 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕರಾದರು, 1968ರ ‘ಜೇಡರ ಬಲೆ’ಯಲ್ಲಿ ಗೂಢಚಾರರೂ ಆದರು. ಅದಕ್ಕೆ ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಮುಂದೆ ಇದೇ ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸುತ್ತ ಸಹಾಯಕರಾಗಿ ದುಡಿದವರು ಇಳಯರಾಜ. ಅವರು 1986ರಲ್ಲಿ ತಂದ ‘ಹೌ ಟು ನೇಮ್ ಇಟ್’ ವಾದ್ಯಸಂಗೀತದ ಆಲ್ಬಂ ತ್ಯಾಗರಾಜರಿಗೂ ಬಾಖ್‌ಗೂ ಒಟ್ಟಿಗೆ ಅರ್ಪಿತ.

ಜಾಝ್–ರಾಕ್ ಮಾತ್ರ ಬೇರೊಂದು ಬಾಗಿಲಿನಿಂದ, ಲಯದ ಬಾಗಿಲಿನಿಂದ ಬಂತು. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಜರ್ಮನಿಯ ಜಾಝ್–ರಾಕ್ ತಂಡ ಎಂಬ್ರಿಯೊ ನುಡಿಸಿತು. ಆಮೇಲೆ ಅಮೆರಿಕದ ಚಾರ್ಲಿ ಮರಿಯಾನೊ ಸೇರಿ, ಇಸಿಎಂ ರೆಕಾರ್ಡ್ ಕಂಪನಿಗೆ 1983ರಲ್ಲಿ ‘ಜ್ಯೋತಿ’ ಧ್ವನಿಮುದ್ರಣವಾಯಿತು. ಅದರಲ್ಲಿ ಗಿಟಾರೂ ಇಲ್ಲ, ಡ್ರಮ್ ಸೆಟ್ಟೂ ಇಲ್ಲ: ಆರ್.ಎ. ರಮಾಮಣಿ ಅವರ ದನಿ, ಮೃದಂಗ, ಘಟ, ಖಂಜಿರ, ಜೊತೆಗೆ ಮರಿಯಾನೊ ಅವರ ಸ್ಯಾಕ್ಸೊಫೋನು, ಕೊಳಲು.