ನಿಜವಾದ ಸೋಲಿನ ಬೆಲೆ

ವ್ಯಾಪಾರವಾಗಲಿ ಆಟವಾಗಲಿ ನಿಲ್ಲುವುದು ನಂಬಿಕೆಯ ನೆಲಗಟ್ಟಿನ ಮೇಲೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಈ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೆಳೆಗಾರನ ಕಣದಲ್ಲಿ ಒಣಗಿದ ಚೆರಿ ಕಾಫಿಯ ಮೂಟೆಗಳಿಂದ ವರ್ತಕನು ಸ್ವಲ್ಪ ಮಾದರಿಯನ್ನು ತೆಗೆಯುತ್ತಾನೆ. ಅದರ ತೇವಾಂಶವನ್ನು ಪರೀಕ್ಷಿಸುತ್ತಾನೆ. ಸಿಪ್ಪೆ ಬಿಡಿಸಿ, ಬೀಜವನ್ನು ತೂಗಿ, ಔಟ್‌ಟರ್ನ್ ಎಷ್ಟೆಂದು ಲೆಕ್ಕ ಹಾಕುತ್ತಾನೆ. ಆ ಸ್ವಲ್ಪ ಕಾಫಿಯ ಆಧಾರದ ಮೇಲೆ ಇಡೀ ರಾಶಿಯ ಬೆಲೆ ನಿರ್ಧಾರವಾಗುತ್ತದೆ. ಮಾದರಿಯೇ ಸುಳ್ಳಾದರೆ ಒಂದು ಮೂಟೆಯಲ್ಲ, ರಾಶಿಯೆಲ್ಲ ಸುಳ್ಳಾಗುತ್ತದೆ. ಮುಂದಿನ ವರ್ಷ ಅದೇ ಕಣದಲ್ಲಿ ಒಳ್ಳೆಯ ಕಾಫಿ ಒಣಗಿದ್ದರೂ ಕೊಳ್ಳಲು ಬಂದವನು ಅನುಮಾನದ ಕಣ್ಣಿನಿಂದಲೇ ನೋಡುತ್ತಾನೆ.

1994ನೆಯ ವರ್ಷವು ಈ ಸೀಮೆಯ ಇತಿಹಾಸದಲ್ಲಿ ವಿಶೇಷವಾದುದು. ಆ ವರ್ಷದ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಬ್ರೆಜಿಲ್ ದೇಶದ ಕಾಫಿ ತೋಟಗಳು ಕೊರೆಯುವ ಹಿಮಕ್ಕೆ ಸಿಕ್ಕಿ ಕಮರಿದವು. ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಒಮ್ಮೆಲೇ ಏರಿತು. ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿ, ಕಂತುಗಳಲ್ಲಿ ಹಣ ಪಡೆಯುತ್ತಿದ್ದ ಹಳೆಯ ಪದ್ಧತಿಯೂ ಅದೇ ಕಾಲದಲ್ಲಿ ಹಂತಹಂತವಾಗಿ ಸಡಿಲಗೊಂಡು, 1996ರ ವೇಳೆಗೆ ಮಾರಾಟವು ಪೂರ್ಣವಾಗಿ ಮುಕ್ತವಾಯಿತು. ಬೆಳೆಗಾರನೂ ವರ್ತಕನೂ ಎದುರುಬದುರಾಗಿ ನಿಂತರು. ನಡುವೆ ಮಂಡಳಿಯಿಲ್ಲ, ಇದ್ದದ್ದು ತಕ್ಕಡಿ ಮತ್ತು ಮಾತು. ದೊಡ್ಡ ಹಣ ಒಳಬಂದ ಹೊತ್ತಿನಲ್ಲಿಯೇ ಪ್ರಾಮಾಣಿಕತೆಗೆ ದೊಡ್ಡ ಪರೀಕ್ಷೆ ಎದುರಾಗುತ್ತದೆ ಎಂಬುದು ಆ ದಿನಗಳ ಪಾಠ.

ಅದೇ 1994ರಲ್ಲಿ, ಅದೇ ಪರೀಕ್ಷೆಯು ಸಮುದ್ರದಾಚೆಯ ಮಲೇಷ್ಯಾದಲ್ಲಿ ಬೇರೊಂದು ಅಂಗಳದಲ್ಲಿ ನಡೆಯಿತು. ಆಗ್ನೇಯ ಏಷ್ಯಾವೆಂದರೆ ಕಾಫಿ ಸೀಮೆಯವರಿಗೆ ರೊಬಸ್ಟಾದ ಬೆಲೆಯನ್ನು ಏರಿಳಿಸುವ ವಿಯೆಟ್ನಾಂ ಮತ್ತು ಇಂಡೊನೇಷ್ಯಾಗಳೇ ಮೊದಲು ನೆನಪಿಗೆ ಬರುತ್ತವೆ. ಆದರೆ ಆ ದೇಶಗಳ ಜನಸಾಮಾನ್ಯರ ಮನಸ್ಸನ್ನು ಆಳುವುದು ಕಾಲ್ಚೆಂಡಿನಾಟ. ಮಲೇಷ್ಯಾದ ವೃತ್ತಿಪರ ಲೀಗ್ ಪಂದ್ಯಾವಳಿಯಲ್ಲಿ ಅಲ್ಲಿನ ರಾಜ್ಯಗಳ ತಂಡಗಳೊಂದಿಗೆ ನೆರೆಯ ಸಿಂಗಾಪುರದ ತಂಡವೂ ಆಗ ಆಡುತ್ತಿತ್ತು. ಹಿಂದಿನ ವರ್ಷ ಮಲೇಷ್ಯಾ ಕಪ್ಪಿನ ಅಂತಿಮ ಪಂದ್ಯದಲ್ಲಿ ಕೆಡಾ ತಂಡದೆದುರು ಸೋತಿದ್ದ ಸಿಂಗಾಪುರವು, ನಾಯಕ ಫಾಂಡಿ ಅಹ್ಮದರ ಮುಂದಾಳತ್ವದಲ್ಲಿ 1994ರ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಡಿಸೆಂಬರ್ 17ರಂದು ಷಾ ಆಲಂ ಕ್ರೀಡಾಂಗಣದಲ್ಲಿ ಪಹಾಂಗ್ ತಂಡವನ್ನು 4-0 ಗೋಲುಗಳಿಂದ ಮಣಿಸಿ ಕಪ್ಪನ್ನೂ ತನ್ನದಾಗಿಸಿಕೊಂಡಿತು. ಸಾವಿರಾರು ಸಿಂಗಾಪುರಿಗರು ಗಡಿ ದಾಟಿ ಬಂದು ಆ ಪಂದ್ಯವನ್ನು ಕಣ್ಣಾರೆ ಕಂಡರು.

ಸಂಭ್ರಮದ ಒಳಗೆ ಹುಳು ಹೊಕ್ಕಿತ್ತು. ಬಾಜಿ ಕಟ್ಟಿಸಿಕೊಳ್ಳುವ ದಂಧೆಯವರು ಆಟಗಾರರಿಗೆ ಲಂಚ ಕೊಟ್ಟು ಪಂದ್ಯಗಳ ಫಲಿತಾಂಶವನ್ನು ಮೊದಲೇ ಕೊಂಡುಕೊಳ್ಳುತ್ತಿದ್ದರೆಂಬುದು ತನಿಖೆಯಲ್ಲಿ ಹೊರಬಿದ್ದಿತು. ಕಾಲ್ಚೆಂಡಿನಲ್ಲಿ ಇಂತಹ ಮೋಸಕ್ಕೆ ಬಹಳ ಶ್ರಮ ಬೇಕಿಲ್ಲ. ರಕ್ಷಣೆಯ ಆಟಗಾರನು ಒಂದು ಹೆಜ್ಜೆ ತಡವಾಗಿ ಬಂದರೆ ಸಾಕು. ಗೋಲ್‌ಕೀಪರನ ಕೈ ಒಂದು ಗೇಣು ಈಚೆ ಉಳಿದರೆ ಸಾಕು. ನೋಡುವವನಿಗೆ ಅದು ಆಯಾಸವೆಂದೋ ದುರದೃಷ್ಟವೆಂದೋ ತೋರುತ್ತದೆ. ತನಿಖೆಯು ಮುಗಿಯುವ ಹೊತ್ತಿಗೆ ಮಲೇಷ್ಯಾದಲ್ಲಿ 126 ಆಟಗಾರರನ್ನು ಪ್ರಶ್ನಿಸಲಾಗಿತ್ತು. 58 ಆಟಗಾರರನ್ನು ಅಮಾನತುಗೊಳಿಸಲಾಗಿತ್ತು. ಆಟಗಾರರು ಮತ್ತು ತರಬೇತುದಾರರು ಸೇರಿ 21 ಮಂದಿಯನ್ನು ವಜಾ ಮಾಡಲಾಗಿತ್ತು. ಸಿಂಗಾಪುರ ತಂಡದ ಇಬ್ಬರು ವಿದೇಶಿ ಆಟಗಾರರ ಮೇಲೂ ಮೊಕದ್ದಮೆ ಹೂಡಲಾಯಿತು. ಒಬ್ಬನು ಜಾಮೀನಿನ ಮೇಲೆ ಹೊರಬಂದು ದೇಶವನ್ನೇ ಬಿಟ್ಟು ಓಡಿಹೋದನು. ಇನ್ನೊಬ್ಬನು, ಕಪ್ಪಿನ ಅಂತಿಮ ಪಂದ್ಯದಲ್ಲಿ ಮೂರು ಗೋಲು ಹೊಡೆದವನೇ, 1995ರಲ್ಲಿ 50,000 ಸಿಂಗಾಪುರ ಡಾಲರುಗಳ ದಂಡ ತೆತ್ತನು.

ಟಿಕೆಟ್ ಹಣದ ಹಂಚಿಕೆಯ ವಿವಾದವೂ ಸೇರಿ, 1995ರಲ್ಲಿ ಸಿಂಗಾಪುರವು ಮಲೇಷ್ಯಾದ ಲೀಗಿನಿಂದ ಹೊರಬಂದಿತು. 1996ರ ಏಪ್ರಿಲ್ 14ರಂದು ಎಂಟು ತಂಡಗಳೊಡನೆ ತನ್ನದೇ ಎಸ್. ಲೀಗನ್ನು ಪ್ರಾರಂಭಿಸಿತು. ಎರಡೂ ದೇಶಗಳ ಆಟಕ್ಕೆ ಆದ ನಷ್ಟವು ದಂಡದ ಮೊತ್ತದಲ್ಲಿ ಅಳೆಯುವಂತಹುದಲ್ಲ. ಆ ವರ್ಷಗಳಲ್ಲಿ ಪ್ರಾಮಾಣಿಕವಾಗಿ ಬೆವರು ಸುರಿಸಿ ಗೆದ್ದವನ ಗೆಲುವಿನ ಮೇಲೂ ಸಂದೇಹದ ನೆರಳು ಬಿದ್ದಿತು. ಪ್ರಾಮಾಣಿಕವಾಗಿ ಆಡಿ ಸೋತವನ ಸ್ಥಿತಿ ಇನ್ನೂ ಕಠಿಣ. ಅವನು ನಿಜವಾಗಿ ಸೋತನೋ, ಸೋಲನ್ನು ಮಾರಿದನೋ ಎಂದು ಜನ ಕೇಳತೊಡಗಿದರು. ಯಾವ ಫಲಿತಾಂಶ ನಿಜ, ಯಾವುದು ಸುಳ್ಳು ಎಂದು ತಿಳಿಯದೆ ಹೋದಾಗ ಆ ಋತುವಿನಿಂದ ಯಾವ ತಂಡವೂ ಏನನ್ನೂ ಕಲಿಯಲಾರದು. ಲೆಕ್ಕದ ಪುಸ್ತಕದಲ್ಲಿ ಒಂದು ಸುಳ್ಳು ನಮೂದು ಸೇರಿದರೆ ಅದರ ಮುಂದಿನ ಪುಟಗಳ ಶಿಲ್ಕೆಲ್ಲ ತಪ್ಪಾಗುವಂತೆ ಇದು.

ಮುರಿದ ನಂಬಿಕೆಯನ್ನು ಕಟ್ಟಲು ಮಲೇಷ್ಯಾಕ್ಕೆ ಬಹುಕಾಲ ಹಿಡಿಯಿತು. 2004ರಲ್ಲಿ ಅಲ್ಲಿ ಸೂಪರ್ ಲೀಗ್ ಆರಂಭವಾಯಿತು. 2013ರಲ್ಲಿ ಜೊಹೋರ್ ರಾಜ್ಯದ ಆಟವನ್ನು ಹೊಸದಾಗಿ ಸಂಘಟಿಸಿ ಜೊಹೋರ್ ದಾರುಲ್ ತಾಝೀಂ ಎಂಬ ತಂಡವನ್ನು ರೂಪಿಸಲಾಯಿತು. 2014ರಿಂದ ಒಂದು ದಶಕದುದ್ದಕ್ಕೂ ಪ್ರತಿ ವರ್ಷ ಸೂಪರ್ ಲೀಗಿನ ಪ್ರಶಸ್ತಿ ಅದಕ್ಕೇ ಸಂದಿತು. 2015ರಲ್ಲಿ ಅದು ಎ.ಎಫ್.ಸಿ. ಕಪ್ ಗೆದ್ದ ಮೊದಲ ಆಗ್ನೇಯ ಏಷ್ಯಾದ ತಂಡವೆನಿಸಿತು. ಈ ತಂಡದ ಕಥೆಯು ಕರ್ನಾಟಕದ ಕಥೆಯೊಡನೆ ಕೂಡಿಕೊಳ್ಳುವುದು ಇಲ್ಲಿಯೇ.

ಜೊಹೋರ್ ತಂಡ ರೂಪುಗೊಂಡ 2013ರಲ್ಲಿಯೇ ಬೆಂಗಳೂರಿನಲ್ಲಿ ಬೆಂಗಳೂರು ಎಫ್.ಸಿ. ಸ್ಥಾಪನೆಯಾಯಿತು. ಬೆಂಗಳೂರಿಗೆ ಕಾಲ್ಚೆಂಡು ಹೊಸದಲ್ಲ. 1937ರಲ್ಲಿಯೇ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆಂಬ ಕೀರ್ತಿಯನ್ನು ತಂದಿತ್ತು. ಹೊಸ ತಂಡವು ನಾಯಕ ಸುನಿಲ್ ಛೆಟ್ರಿ ಮತ್ತು ತರಬೇತುದಾರ ಆ್ಯಶ್ಲಿ ವೆಸ್ಟ್‌ವುಡ್ ಅವರ ನೇತೃತ್ವದಲ್ಲಿ ತನ್ನ ಮೊದಲ ಋತುವಾದ 2013-14ರಲ್ಲಿಯೇ ಐ-ಲೀಗ್ ಗೆದ್ದು ಅಚ್ಚರಿ ಮೂಡಿಸಿತು.

ಮರುವರ್ಷ ಏಷ್ಯಾದ ಅಂಗಳಕ್ಕೆ ಕಾಲಿಟ್ಟ ಕೂಡಲೇ ಎದುರಾದುದು ಸೋಲು. 2015ರ ಫೆಬ್ರವರಿಯಲ್ಲಿ ಏಷ್ಯಾದ ಚಾಂಪಿಯನ್ಸ್ ಲೀಗಿನ ಅರ್ಹತಾ ಪಂದ್ಯದಲ್ಲಿ ಬೆಂಗಳೂರು ತಂಡವು ಜೊಹೋರಿನಲ್ಲಿ ಹೆಚ್ಚುವರಿ ಸಮಯದವರೆಗೂ ಹೋರಾಡಿ 1-2ರಿಂದ ಸೋತಿತು. 2016ರ ಎ.ಎಫ್.ಸಿ. ಕಪ್ಪಿನಲ್ಲಿ ಅದಕ್ಕೆ ದೊರೆತ ಗುಂಪಿನಲ್ಲಿದ್ದ ಇತರ ಮೂರು ತಂಡಗಳೂ ಆಗ್ನೇಯ ಏಷ್ಯಾದವೇ: ಮಲೇಷ್ಯಾದ ಜೊಹೋರ್, ಮ್ಯಾನ್ಮಾರಿನ ಅಯೆಯಾವಡಿ ಯುನೈಟೆಡ್, ಲಾವೋಸಿನ ಲಾವೊ ಟೊಯೊಟಾ. ಜೊಹೋರ್ ಎದುರಿನ ಎರಡೂ ಪಂದ್ಯಗಳಲ್ಲಿ ಬೆಂಗಳೂರು ಮತ್ತೆ ಸೋತಿತು. ಹೀಗೆ ಹದಿನೈದು ತಿಂಗಳುಗಳೊಳಗೆ ಒಂದೇ ಎದುರಾಳಿಯ ಕೈಯಲ್ಲಿ ಮೂರು ಸೋಲು. ಆದರೂ ಗುಂಪಿನಲ್ಲಿ ಎರಡನೆಯ ಸ್ಥಾನ ಪಡೆದು ಮುಂದಿನ ಸುತ್ತಿಗೆ ಏರಿತು. ಮೇ ತಿಂಗಳಲ್ಲಿ ಹಾಂಗ್‌ಕಾಂಗಿನ ಕಿಚ್ಚೀ ತಂಡವನ್ನು ಅದರ ನೆಲದಲ್ಲಿಯೇ 3-2ರಿಂದ ಸೋಲಿಸಿತು. ಬಳಿಕ ತರಬೇತುದಾರರು ಬದಲಾದರು. ಸ್ಪೇನ್ ದೇಶದ ಆಲ್ಬರ್ಟ್ ರೋಕಾ ಹೊಣೆ ಹೊತ್ತರು. ಸೆಪ್ಟೆಂಬರಿನ ಕ್ವಾರ್ಟರ್ ಫೈನಲಿನಲ್ಲಿ ಸಿಂಗಾಪುರದ ಟ್ಯಾಂಪಿನೀಸ್ ರೋವರ್ಸ್ ವಿರುದ್ಧ ತವರಿನಲ್ಲಿ 1-0ರಿಂದ ಗೆದ್ದು, ಸಿಂಗಾಪುರದಲ್ಲಿ ಗೋಲಿಲ್ಲದ ಸಮಬಲ ಸಾಧಿಸಿತು. ಸೆಮಿಫೈನಲಿನಲ್ಲಿ ಎದುರು ನಿಂತುದು, ಹಿಂದಿನ ವರ್ಷದ ವಿಜೇತ ಜೊಹೋರ್.

ಸೆಪ್ಟೆಂಬರ್ 28ರಂದು ಜೊಹೋರಿನ ಲಾರ್ಕಿನ್ ಕ್ರೀಡಾಂಗಣದಲ್ಲಿ ನಡೆದ ಮೊದಲ ಪಂದ್ಯದಲ್ಲಿ ಯೂಜೀನ್‌ಸನ್ ಲಿಂಗ್ಡೊ ಹೊಡೆದ ಗೋಲಿನಿಂದ ಬೆಂಗಳೂರು 1-1ರ ಸಮಬಲ ಸಾಧಿಸಿತು. ಅಕ್ಟೋಬರ್ 19ರ ಸಂಜೆ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಎರಡನೆಯ ಪಂದ್ಯ. ಮಲೆನಾಡಿನ ಗಿಡಗಳಲ್ಲಿ ಅರೇಬಿಕಾ ಹಣ್ಣಿಗೆ ಬಣ್ಣ ಬರುವ ಕಾಲವದು. ಆಟ ಆರಂಭವಾದ ಸ್ವಲ್ಪ ಹೊತ್ತಿನಲ್ಲಿಯೇ ಜೊಹೋರಿನ ಸಫೀಕ್ ರಹೀಂ ಗೋಲು ಹೊಡೆದರು. ನಾಲ್ಕನೆಯ ಸೋಲು ಬಾಗಿಲಿಗೆ ಬಂದು ನಿಂತಂತಾಯಿತು. ಆದರೆ ಛೆಟ್ರಿಯವರು ವಿರಾಮಕ್ಕೆ ಮುಂಚೆ ಒಂದು, ವಿರಾಮದ ನಂತರ ಒಂದು ಗೋಲು ಹೊಡೆದರು. ರಕ್ಷಣೆಯ ಆಟಗಾರ ಹುವಾನನ್ ಮೂರನೆಯದನ್ನು ಸೇರಿಸಿದರು. 3-1, ಎರಡೂ ಪಂದ್ಯಗಳಿಂದ ಒಟ್ಟು 4-2. ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿದ ಮೊದಲ ಭಾರತೀಯ ತಂಡ ಕರ್ನಾಟಕದ ರಾಜಧಾನಿಯದಾಯಿತು.

ನವೆಂಬರ್ 5ರಂದು ದೋಹಾದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ನಿಯಮದಂತೆ ಅಮಾನತುಗೊಂಡಿದ್ದ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಆಡುವಂತಿರಲಿಲ್ಲ. ಇರಾಕಿನ ವಾಯುಪಡೆಯ ತಂಡದ ಹಮ್ಮಾದಿ ಅಹ್ಮದ್ ಹೊಡೆದ ಏಕೈಕ ಗೋಲಿನಿಂದ ಬೆಂಗಳೂರು 0-1ರಿಂದ ಸೋತಿತು. ಕಪ್ಪು ಬರಲಿಲ್ಲ. ಆದರೂ ಆ ಋತುವನ್ನು ವ್ಯರ್ಥವೆಂದು ಯಾರೂ ಹೇಳಲಿಲ್ಲ.

ಈ ಎರಡು ಋತುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. 2016ರ ಬೆಂಗಳೂರು ತಂಡಕ್ಕೆ ದೊಡ್ಡ ಬಂಡವಾಳವಾಗಿ ಒದಗಿದುದು ಅದರ ಮೂರು ಸೋಲುಗಳು. ಅವು ನಿಜವಾದ ಸೋಲುಗಳಾಗಿದ್ದವು. ಎದುರಾಳಿ ತನಗಿಂತ ಎಷ್ಟು ಮುಂದಿದ್ದಾನೆ ಎಂಬುದರ ಸರಿಯಾದ ಅಳತೆ ಅವುಗಳಲ್ಲಿತ್ತು. ಸರಿಯಾದ ಅಳತೆ ಕೈಯಲ್ಲಿದ್ದವನು ತನ್ನ ಕೊರತೆಯನ್ನು ತುಂಬಿಕೊಳ್ಳಬಲ್ಲ. 1994ರಲ್ಲಿ ಪಂದ್ಯ ಮಾರಿದವರು ತಮ್ಮ ತಂಡಕ್ಕೆ ಮಾಡಿದ ದೊಡ್ಡ ದ್ರೋಹವೆಂದರೆ ಈ ಅಳತೆಯನ್ನೇ ಕದ್ದುದು. ಕೊಂಡ ಗೆಲುವಿನಿಂದ ಕೊಂಡವನಿಗೂ ಶಕ್ತಿ ಬರುವುದಿಲ್ಲ. ಮಾರಿದ ಸೋಲಿನಿಂದ ಮಾರಿದವನಿಗೂ ವಿವೇಕ ಬರುವುದಿಲ್ಲ.

ಇದು ಪರದೇಶದವರ ದೋಷವೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್ ಪಂದ್ಯಾವಳಿಯಲ್ಲಿ ಮ್ಯಾಚ್ ಫಿಕ್ಸಿಂಗ್ ನಡೆದಿದೆಯೆಂಬ ಆರೋಪದ ಮೇಲೆ ಬೆಂಗಳೂರಿನ ಪೊಲೀಸರು ಹಲವರನ್ನು ಬಂಧಿಸಿದರು. 2022ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು, ಪಂದ್ಯ ಫಿಕ್ಸ್ ಮಾಡುವುದು ಭಾರತೀಯ ದಂಡ ಸಂಹಿತೆಯ 420ನೆಯ ಕಲಮಿನ ವಂಚನೆಯ ಅಪರಾಧವಾಗುವುದಿಲ್ಲವೆಂದು ತೀರ್ಪಿತ್ತಿತು. ಪ್ರೇಕ್ಷಕರಿಗೆ ಮೋಸಹೋದ ಭಾವನೆ ಉಂಟಾಗಬಹುದು. ಆದರೆ ಅವರು ಟಿಕೆಟ್ ಕೊಳ್ಳುವುದು ಸ್ವಇಚ್ಛೆಯಿಂದ. ಶಿಸ್ತುಕ್ರಮ ಕೈಗೊಳ್ಳುವುದು ಕ್ರಿಕೆಟ್ ಮಂಡಳಿಯ ಅಧಿಕಾರ ಎಂಬುದು ಆ ತೀರ್ಪಿನ ಸಾರ. ನ್ಯಾಯಾಲಯವು ಇದ್ದ ಕಾನೂನಿನ ಅಕ್ಷರಗಳನ್ನು ಓದಿ ಹೇಳಿತು. ಕಾನೂನಿನ ಬೇಲಿ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನೂ ಆ ತೀರ್ಪು ತೋರಿಸಿಕೊಟ್ಟಿತು. ಬೇಲಿಯಾಚೆಯ ನೆಲವನ್ನು ಕಾಯಬೇಕಾದುದು ಮನುಷ್ಯನ ಆತ್ಮಸಾಕ್ಷಿಯೊಂದೇ.

ಕಾಫಿ ಸೀಮೆಯ ಶಾಲೆಗಳ ಬಯಲಿನಲ್ಲಿ ಚೆಂಡಿನ ಹಿಂದೆ ಓಡುವ ಮಕ್ಕಳಿಗೆ ಹಿರಿಯರು ಗೆಲ್ಲುವುದನ್ನು ಕಲಿಸುತ್ತಾರೆ, ಅದು ತಪ್ಪಲ್ಲ. ಅದಕ್ಕಿಂತ ಮೊದಲು ಕಲಿಸಬೇಕಾದುದೊಂದಿದೆ: ಸೋತಾಗ ಆ ಸೋಲು ನಿಜವಾದುದಾಗಿರಬೇಕು, ಅದರ ಲೆಕ್ಕವನ್ನು ಮುಚ್ಚಿಡದೆ ಬರೆದಿಡಬೇಕು. ತೇವ ಹೆಚ್ಚಿರುವ ಕಾಫಿಯನ್ನು ತೇವ ಹೆಚ್ಚಿದೆಯೆಂದೇ ಹೇಳಿ ಮಾರಿದ ಬೆಳೆಗಾರನಿಗೆ ಆ ದಿನ ಮೂಟೆಯ ಮೇಲೆ ಒಂದಿಷ್ಟು ಹಣ ಕಡಿಮೆ ಬರುತ್ತದೆ. ಆದರೆ ಅದೇ ಕಾಫಿಯನ್ನು ಇನ್ನೆರಡು ದಿನ ಬಿಸಿಲಿಗೆ ಹರಡಬೇಕಿತ್ತೆಂಬ ಅರಿವು ಅವನಿಗೆ ಉಳಿಯುತ್ತದೆ; ಮುಂದಿನ ಸುಗ್ಗಿಯಲ್ಲಿ ಅದೇ ವರ್ತಕನು ಮತ್ತೆ ಅವನ ಕಣಕ್ಕೇ ಬರುತ್ತಾನೆ.