ಎಲ್ಲರೂ ನನ್ನ ಮಕ್ಕಳೇ ಎಂದ ಅಪ್ಪ

ಜನವರಿ 15 ಸೇನಾ ದಿನ ಅಂತ ಎಲ್ಲರಿಗೂ ಗೊತ್ತು. 2023ರಲ್ಲಂತೂ ಆ ದಿನದ ಪರೇಡು ದೆಹಲಿ ಬಿಟ್ಟು ಬೆಂಗಳೂರಿಗೇ ಬಂದಿತ್ತು. ಆದರೆ ಅದೇ ತಾರೀಖು ಯಾಕೆ ಅಂತ ಕೇಳಿದರೆ ಬಹಳ ಮಂದಿ ತಲೆ ಕೆರೆದುಕೊಳ್ಳುತ್ತಾರೆ. 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ಬುಚರ್ ಅವರಿಂದ ಭಾರತದ ಸೇನೆಯ ಅಧಿಕಾರವನ್ನು ಮೊದಲ ಸಲ ಒಬ್ಬ ಭಾರತೀಯರು ವಹಿಸಿಕೊಂಡರು. ಅವರೇ ಕೊಡಗಿನ ಕೊಡಂದೆರ ಮಾದಪ್ಪ ಕಾರ್ಯಪ್ಪ.

ಅವರ ಪದವಿ, ಪದಕಗಳ ಬಗ್ಗೆ ಎಷ್ಟೋ ಮಂದಿ ಬರೆದಿದ್ದಾರೆ. ನನಗೆ ಅವರೊಳಗಿದ್ದ ಅಪ್ಪನ ಬಗ್ಗೆ ಬರೆಯಬೇಕು ಅನ್ನಿಸಿದೆ. ಅದೂ ಚಿತ್ತಾಪುರದ ಕಡೆಯವನಾಗಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಅಂದರೆ ನಿಮಗೆ ಬಿಸಿಲು, ತೊಗರಿ, ಪರಸಿ ಕಲ್ಲು, ಸಿಮೆಂಟಿನ ಧೂಳು ನೆನಪಾಗಬಹುದು. ಮನೆಗೊಬ್ಬ ಸೈನಿಕನಿರುವ ಕೊಡಗಿಗೂ ನಮಗೂ ಎಲ್ಲಿಯ ಸಂಬಂಧ ಅಂತೀರಾ? ಸ್ವಲ್ಪ ತಾಳಿ, ಎರಡು ಸಂಬಂಧ ಇವೆ. ಒಂದು ರೈಲಿನದು, ಇನ್ನೊಂದು ಕಲ್ಲಿನದು.

ಮೊದಲು ರೈಲಿನದು ಹೇಳುತ್ತೇನೆ. ನಮ್ಮ ತಾಲ್ಲೂಕುಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಮುಂಬಯಿ-ಮದ್ರಾಸ್ ದಾರಿಯಲ್ಲಿರುವ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ರೈಲು ಹಾದಿ ಬಿತ್ತು. ಸಿಕಂದರಾಬಾದ್ ಅಂದರೆ ಬ್ರಿಟಿಷರ ದೊಡ್ಡ ದಂಡು. ಪಶ್ಚಿಮದ ಕಡೆಯಿಂದ ಆ ದಂಡಿಗೆ ಹೋಗುವವರು ವಾಡಿಯಲ್ಲಿ ಹಾದಿ ಬದಲಿಸಬೇಕಿತ್ತು. 1937ರ ಮಾರ್ಚ್ ತಿಂಗಳಲ್ಲಿ ಅದೇ ಸಿಕಂದರಾಬಾದಿನಲ್ಲಿ ಕಾರ್ಯಪ್ಪನವರ ಮದುವೆ ಆಯಿತು. ಹುಡುಗಿ ಮುತ್ತು ಮಾಚಯ್ಯ, ಅರಣ್ಯ ಅಧಿಕಾರಿಯೊಬ್ಬರ ಮಗಳು. ಇಬ್ಬರ ನಡುವೆ ವಯಸ್ಸಿನ ಅಂತರ ಬಹಳ ಇತ್ತು.

ಅಷ್ಟು ಹೊತ್ತಿಗೆ ಕಾರ್ಯಪ್ಪನವರ ಸೇವೆಗೆ ಹದಿನೆಂಟು ವರ್ಷ ಆಗುತ್ತಾ ಬಂದಿತ್ತು. ಶನಿವಾರಸಂತೆಯಲ್ಲಿ ಹುಟ್ಟಿ, ಮನೆಯಲ್ಲಿ 'ಚಿಮ್ಮ' ಅಂತ ಕರೆಸಿಕೊಂಡು ಬೆಳೆದ ಹುಡುಗ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಇಂದೋರಿನ ಡಾಲಿ ಕೆಡೆಟ್ ಕಾಲೇಜಿನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಯಾದ. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಅಧಿಕಾರಿ ಅವರೇ, 1933ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಇರಾಕ್, ಸಿರಿಯಾ, ಇರಾನ್ ಸುತ್ತಿದರು. ಆಮೇಲೆ ಬರ್ಮಾ. 1942ರಲ್ಲಿ ಸೇನಾ ತುಕಡಿಯೊಂದರ ಪೂರ್ತಿ ಹೊಣೆ ಸಿಕ್ಕಿತು. ಆ ಮಟ್ಟದ ಹೊಣೆ ಹೊತ್ತ ಮೊದಲ ಭಾರತೀಯರೂ ಅವರೇ.

ಈ 'ಮೊದಲಿಗ'ರ ಪಟ್ಟಿ ಓದುವಾಗ ನನಗೆ ಒಂದು ಮಾತು ಕಾಡುತ್ತದೆ. ಇಷ್ಟೆಲ್ಲ ತಿರುಗುವ ಮನುಷ್ಯ ಮನೆಯಲ್ಲಿ ಇದ್ದದ್ದು ಯಾವಾಗ? 1938ರಲ್ಲಿ ಮಗ ನಂದಾ ಹುಟ್ಟಿದ, 1943ರಲ್ಲಿ ಮಗಳು ನಳಿನಿ. 1945ರಲ್ಲಿ ಗಂಡ ಹೆಂಡತಿ ಬೇರೆಯಾದರು. ಮೂರು ವರ್ಷದ ನಂತರ ಮುತ್ತು ಅವರು ಅಪಘಾತವೊಂದರಲ್ಲಿ ತೀರಿಕೊಂಡರು. ಹತ್ತು ವರ್ಷದ ಹುಡುಗ, ಐದು ವರ್ಷದ ಹುಡುಗಿ... ಸುಮಾರು ಅದೇ ಹೊತ್ತಿನಲ್ಲಿ ಅಪ್ಪ ಕಾಶ್ಮೀರದ ಯುದ್ಧ ನಡೆಸುತ್ತಿದ್ದರು! ನೌಶೇರಾ, ಝಾಂಗರ್, ಪೂಂಛ್, ಝೋಜಿ ಲಾ, ಕಾರ್ಗಿಲ್ ಅಂತ ಆ ಯುದ್ಧದಲ್ಲಿ ನಾವು ಓದುವ ಹೆಸರುಗಳೆಲ್ಲ ಅವರ ಕಮಾಂಡಿನ ಕೆಳಗೆ ಬಂದವು.

ಹಾಗಾಗಿ 'ಸಂಸಾರವಂದಿಗ' ಅಂತ ಅವರನ್ನು ಸುಲಭವಾಗಿ ಕರೆಯಲು ಬರುವುದಿಲ್ಲ. ಸೈನಿಕನ ಸಂಸಾರ ಅನ್ನುವುದು ಅಷ್ಟು ಸಲೀಸಾದದ್ದಲ್ಲ. ಇತಿಹಾಸದ ಪುಸ್ತಕದಲ್ಲಿ ಗೆದ್ದ ಗುಡ್ಡದ ಹೆಸರು ಬರುತ್ತದೆ, ಆ ದಿನ ಮನೆಯಲ್ಲಿ ಮಕ್ಕಳಿಗೆ ಊಟ ಹಾಕಿದವರು ಯಾರು ಅಂತ ಬರುವುದಿಲ್ಲ. ಆದರೆ ತಾಯಿಯಿಲ್ಲದ ಆ ಎರಡು ಮಕ್ಕಳನ್ನು ಕಾರ್ಯಪ್ಪ ಕೈಬಿಡಲಿಲ್ಲ. ಮಗ ವಾಯುಪಡೆ ಸೇರಿ ಏರ್ ಮಾರ್ಷಲ್ ಆದರು, ಮುಂದೆ ಅಪ್ಪನ ಜೀವನಚರಿತ್ರೆಯನ್ನೂ ಬರೆದರು. ಕಟ್ಟುನಿಟ್ಟಿನ ಅಪ್ಪನೊಬ್ಬನ ಬಗ್ಗೆ ಮಗ ಕೂತು ಒಂದು ಪುಸ್ತಕ ಬರೆಯುತ್ತಾನೆ ಅಂದರೆ ಆ ಅಪ್ಪ ಬರೀ ಕಟ್ಟುನಿಟ್ಟಿನವನಾಗಿರಲಿಕ್ಕಿಲ್ಲ ಅಲ್ಲವೇ?

ಅಂದ ಹಾಗೆ, ಕಾರ್ಯಪ್ಪನವರ ಹಿಂದಿಯ ಬಗ್ಗೆ ಸೇನೆಯಲ್ಲಿ ಓಡಾಡುವ ಕತೆಗಳನ್ನು ನೀವೂ ಕೇಳಿರಬಹುದು. ಸ್ವಾತಂತ್ರ್ಯ ಬಂದಾಗ ಜವಾನರಿಗೆ "ನೀವು ಸ್ವತಂತ್ರರು, ದೇಶ ಸ್ವತಂತ್ರ" ಅನ್ನಲು ಹೋಗಿ "ಆಪ್ ಭೀ ಮುಫ್ತ್, ಹಮ್ ಭೀ ಮುಫ್ತ್, ಮುಲ್ಕ್ ಭೀ ಮುಫ್ತ್" ಅಂದರಂತೆ. ನಮ್ಮ ಕಲಬುರಗಿ ಕಡೆ ಈ ಕತೆ ಹೇಳಿದರೆ ನಗದವರಿಲ್ಲ, ಯಾಕೆಂದರೆ ಇಲ್ಲಿ ಮುಫ್ತ್ ಅಂದರೆ ಏನು ಅಂತ ಚಿಕ್ಕ ಹುಡುಗನಿಗೂ ಗೊತ್ತು! ಇನ್ನೊಂದು ಕತೆ ಇದಕ್ಕಿಂತ ಚೆನ್ನಾಗಿದೆ. ಸೈನಿಕರ ಹೆಂಡತಿಯರ ಸಭೆಯಲ್ಲಿ ಎರಡೇ ಮಕ್ಕಳು ಸಾಕು, ಒಂದು ಮನೆಗೆ ಒಂದು ಸೇನೆಗೆ ಅನ್ನುವ ಬದಲು "ನಿಮಗೊಂದು, ನನಗೊಂದು" ಅಂದುಬಿಟ್ಟರಂತೆ. ನಡೆದದ್ದೋ ಕಟ್ಟಿದ್ದೋ, ಅದಿರಲಿ. ಆದರೆ ಈ ನಗೆಹನಿಯ ಹಿಂದಿನ ಮಾತು 1965ರಲ್ಲಿ ಅವರ ಮನೆ ಬಾಗಿಲಿಗೇ ಬಂತು.

1965ರ ಸೆಪ್ಟೆಂಬರ್ 22. ಯುದ್ಧ ಇನ್ನೇನು ನಿಲ್ಲುವುದರಲ್ಲಿತ್ತು. ಫ್ಲೈಟ್ ಲೆಫ್ಟಿನೆಂಟ್ ನಂದಾ ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನಕ್ಕೆ ನೆಲದಿಂದ ಗುಂಡೇಟು ಬಿತ್ತು. ವಿಮಾನದಿಂದ ಹಾರಿ ಜೀವ ಉಳಿಸಿಕೊಂಡರು, ಆದರೆ ಇಳಿದದ್ದು ಪಾಕಿಸ್ತಾನದ ಕೈಗೆ. ಆಗ ಪಾಕಿಸ್ತಾನದ ಅಧ್ಯಕ್ಷರು ಅಯೂಬ್ ಖಾನ್. ದೇಶ ಒಡೆಯುವ ಮುಂಚೆ ಅವರು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಹಳೆಯ ಮೇಲಧಿಕಾರಿಯ ಮಗ ಅಂತ ಗೊತ್ತಾಗುತ್ತಲೇ ದೆಹಲಿಯಲ್ಲಿದ್ದ ತಮ್ಮ ಹೈಕಮಿಷನರ್ ಮೂಲಕ ಹೇಳಿ ಕಳಿಸಿದರು: ಬೇಕಿದ್ದರೆ ನಿಮ್ಮ ಮಗನನ್ನು ಬಿಟ್ಟುಬಿಡುತ್ತೇವೆ.

ಕಾರ್ಯಪ್ಪನವರು ಆಗ ನಿವೃತ್ತರಾಗಿ ಮಡಿಕೇರಿಯ 'ರೋಶನಾರಾ' ಮನೆಯಲ್ಲಿದ್ದರು. ಒಬ್ಬನೇ ಮಗ. ಅವರ ಉತ್ತರದ ಸಾರಾಂಶ ಇಷ್ಟು: ಅವನು ಈಗ ನನ್ನ ಮಗ ಅಲ್ಲ, ದೇಶದ ಮಗ. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ. ಬಿಡುವುದಾದರೆ ಎಲ್ಲರನ್ನೂ ಬಿಡಿ, ಇಲ್ಲವಾದರೆ ಯಾರನ್ನೂ ಬೇಡ. ಅವನಿಗೊಬ್ಬನಿಗೇ ವಿಶೇಷ ಉಪಚಾರವೂ ಬೇಡ.

ಈ ಉತ್ತರ ಕೇಳಿ ನಾವು ಭೇಷ್ ಅನ್ನುತ್ತೇವೆ, ಎದೆ ಉಬ್ಬಿಸುತ್ತೇವೆ. ನನಗೆ ಮಾತ್ರ ಇದರಲ್ಲಿ ಕಾಣುವುದು ಮಗನನ್ನು ದೂರ ಮಾಡಿದ ತಂದೆ ಅಲ್ಲ. ಅದೇ ಸೆರೆಯಲ್ಲಿದ್ದ ಉಳಿದ ಹುಡುಗರ ಅಪ್ಪಂದಿರಿಗೆ ಅಂಥ ಸಂದೇಶ ಯಾರೂ ಕಳಿಸಿರಲಿಲ್ಲ. ಅದು ಕಾರ್ಯಪ್ಪನವರಿಗೆ ಗೊತ್ತಿತ್ತು. ತನ್ನ ಮನೆಯ ಬಾಗಿಲನ್ನು ಅವರು ಅಷ್ಟೂ ಹುಡುಗರಿಗೆ ತೆರೆದರು ಅಷ್ಟೆ. ಇತ್ತ ಗಡಿಯ ಆಚೆ ಅಯೂಬ್ ಖಾನರ ಬೇಗಂ ಮತ್ತು ಮಗ ಆಸ್ಪತ್ರೆಗೆ ಬಂದು ನಂದಾ ಅವರನ್ನು ಮಾತಾಡಿಸಿ ಸಿಗರೇಟು, ಒಂದು ಕಾದಂಬರಿ ಕೊಟ್ಟು ಹೋದರಂತೆ. ಯುದ್ಧದ ನಡುವೆಯೂ ಮನೆತನ ಅನ್ನುವುದು ಹೇಗೆ ಇಣುಕುತ್ತದೆ ನೋಡಿ! ನಂದಾ ಉಳಿದ ಯುದ್ಧಕೈದಿಗಳಂತೆ ಕಾದು 1966ರ ಜನವರಿಯಲ್ಲಿ ಊರಿಗೆ ಮರಳಿದರು.

ಈಗ ಕಲ್ಲಿನ ಸಂಬಂಧಕ್ಕೆ ಬರುತ್ತೇನೆ. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಯ ಮೇಲೆ ಸನ್ನತಿ ಇದೆ, ಚಂದ್ರಲಾಂಬೆಯ ಊರು. 1980ರ ದಶಕದಲ್ಲಿ ಅಲ್ಲಿಯ ಕಾಳಿ ಗುಡಿಯ ಮಾಳಿಗೆ ಕುಸಿದು ಮೂರ್ತಿ ಒಡೆಯಿತು. ಮೂರ್ತಿಯ ಕೆಳಗಿದ್ದ ಪೀಠದ ಕಲ್ಲು ನೋಡಿದರೆ ಅದರ ತುಂಬ ಬ್ರಾಹ್ಮಿ ಅಕ್ಷರ! ಅದು ಅಶೋಕನ ಶಾಸನ. ಯಾರೋ ಮೂರ್ತಿ ನಿಲ್ಲಿಸಲು ಅಕ್ಷರಗಳ ಮಧ್ಯೆಯೇ ತೂತು ಕೊರೆದಿದ್ದರು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ 'ರಾಯ ಅಸೋಕೋ' ಎಂದು ಹೆಸರು ಕೆತ್ತಿದ ಶಿಲ್ಪವೂ ಸಿಕ್ಕಿತು. ಅದರಲ್ಲಿ ಅಶೋಕ ನಿಂತಿರುವುದು ಒಬ್ಬನೇ ಅಲ್ಲ, ಜೊತೆಗೆ ರಾಣಿ ಇದ್ದಾಳೆ.

ಸನ್ನತಿಯ ಆ ಕಲ್ಲಿನಲ್ಲಿ, ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದ ಎರಡು ವಿಶೇಷ ಶಾಸನಗಳಿವೆ. ಅವುಗಳ ತಿರುಳು ಏನು ಗೊತ್ತೇ? ಮನುಷ್ಯರೆಲ್ಲ ನನ್ನ ಮಕ್ಕಳು. ನನ್ನ ಮಕ್ಕಳಿಗೆ ನಾನು ಯಾವ ಹಿತ ಬಯಸುತ್ತೇನೋ ಅದನ್ನೇ ಎಲ್ಲರಿಗೂ ಬಯಸುತ್ತೇನೆ. ಗಡಿಯಾಚೆಯವರು ಸಹ ನನ್ನನ್ನು ಕಂಡು ಹೆದರಬಾರದು, ನಾನು ಅವರಿಗೆ ತಂದೆಯಂತೆ ಅನ್ನಿಸಬೇಕು.

ಅಶೋಕನೂ ಯುದ್ಧ ಕಂಡವನೇ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು ಅಂತ ಬೇರೆ ಕಡೆಯ ಬಂಡೆಗಳ ಮೇಲೆ ಅವನೇ ಲೆಕ್ಕ ಕೊಟ್ಟಿದ್ದಾನೆ. ಅಲ್ಲಿಯೇ ಇನ್ನೊಂದು ಮಾತು ಸೇರಿಸುತ್ತಾನೆ. ತಂದೆ ತಾಯಿಯ ಸೇವೆ ಮಾಡಿಕೊಂಡು, ಬಂಧು ಬಳಗದ ಜೊತೆ ಚೆನ್ನಾಗಿದ್ದ ಗೃಹಸ್ಥರಿಗೂ ಯುದ್ಧದ ನೋವು ತಟ್ಟುತ್ತದೆ, ತಾನು ಉಳಿದರೂ ತನ್ನವರು ನೊಂದದ್ದನ್ನು ನೋಡಬೇಕಾಗುತ್ತದೆ ಅಂತ. ಗೆದ್ದ ರಾಜನೊಬ್ಬ ಸೋತ ಊರಿನ ಮನೆಗಳ ಒಳಗೆ ಇಣುಕಿ ನೋಡಿದ್ದು ಅಪರೂಪವೇ. ಚಕ್ರವರ್ತಿಗೂ ಜನರಲ್‌ಗೂ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರ. ಕಾರ್ಯಪ್ಪ ಸೆರೆಯಲ್ಲಿದ್ದ ಹುಡುಗರ ಬಗ್ಗೆ ಹೇಳಿದ ಮಾತು ನಮ್ಮ ತಾಲ್ಲೂಕಿನ ಕಲ್ಲಿನಲ್ಲಿ ಇನ್ನೂ ದೊಡ್ಡದಾಗಿ ಬರೆದಿದೆ.

ನಮ್ಮ ಭಾಗಕ್ಕೆ ಈ ಮಾತು ಬರೀ ಓದಿ ಬಿಡುವಂಥದ್ದಲ್ಲ. ಕಾರ್ಯಪ್ಪ ಕಾಶ್ಮೀರದಲ್ಲಿದ್ದಾಗಲೇ, 1948ರ ಸೆಪ್ಟೆಂಬರ್ 13ರಿಂದ 17ರವರೆಗೆ, ಜನರಲ್ ಚೌಧರಿ ಅವರ ನೇತೃತ್ವದಲ್ಲಿ ಸೇನೆ ಹೈದರಾಬಾದ್ ಸಂಸ್ಥಾನಕ್ಕೆ ಬಂತು. ಅದಕ್ಕೂ ಮುಂಚೆ ರಜಾಕಾರರ ಹಾವಳಿಗೆ ಎಷ್ಟೋ ಮನೆಗಳು ಸುಟ್ಟವು, ಜನ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟರು. ಅದಾದ ಮೇಲೆ ಮುಸ್ಲಿಮರ ಎಷ್ಟೋ ಮನೆಗಳ ಮೇಲೆ ಸೇಡು ಬಿತ್ತು. ಸರ್ಕಾರ ಕಳಿಸಿದ್ದ ಪಂಡಿತ ಸುಂದರಲಾಲ್ ಸಮಿತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ ಒಂದು ಅಂತ ಬರೆಯಿತು. ಆ ವರದಿ ಎಷ್ಟೋ ದಶಕ ಕಪಾಟಿನಲ್ಲೇ ಇತ್ತು. ಸೆಪ್ಟೆಂಬರ್ 17ರಂದು ನಾವು ಬಾವುಟ ಹಾರಿಸುತ್ತೇವೆ, ಹಾರಿಸಲೇಬೇಕು. ಆದರೆ ಎರಡೂ ಬಗೆಯ ಮನೆಗಳಲ್ಲಿ ಅಪ್ಪಂದಿರಿಲ್ಲದೆ ಬೆಳೆದ ಮಕ್ಕಳನ್ನು ಒಂದೇ ಲೆಕ್ಕದಲ್ಲಿ ಎಣಿಸಲು ನಮಗೆ ಇನ್ನೂ ಬಂದಿಲ್ಲ. "ಬಿಡುವುದಾದರೆ ಎಲ್ಲರನ್ನೂ" ಅಂದ ಅಪ್ಪನ ಮಾತು ನನಗೆ ಮುಖ್ಯ ಅನ್ನಿಸುವುದು ಇದಕ್ಕೇ.

ಕಾರ್ಯಪ್ಪ ನಿವೃತ್ತರಾದ ಮೇಲೂ ಮಾಜಿ ಸೈನಿಕರನ್ನು ಮರೆಯಲಿಲ್ಲ, ಅವರ ಸಂಘಟನೆ ಕಟ್ಟುವುದರಲ್ಲಿ ಮುಂದೆ ನಿಂತರು. 1986ರಲ್ಲಿ ಫೀಲ್ಡ್ ಮಾರ್ಷಲ್ ಗೌರವ ಬಂತು. 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು, ಅಂತ್ಯಕ್ರಿಯೆ ಮಡಿಕೇರಿಯಲ್ಲಿ ಆಯಿತು.

ದೊಡ್ಡವರ ಬಗ್ಗೆ ಬರೆಯಲು ಪುಸ್ತಕಗಳಿವೆ, ಮಗನೇ ಬರೆದ ಪುಸ್ತಕವೂ ಇದೆ. ಆದರೆ ನಮ್ಮ ಕಡೆ ಫ್ಯಾಕ್ಟರಿ ಗೇಟಿನಲ್ಲಿ, ಬ್ಯಾಂಕಿನ ಬಾಗಿಲಲ್ಲಿ ಹಳೆಯ ಮೆಡಲಿನ ಪಟ್ಟಿ ಹಚ್ಚಿಕೊಂಡು ಕೂತಿರುವ ಮಾಜಿ ಸೈನಿಕರನ್ನು ನಾವು ಮಾತಾಡಿಸುವುದೇ ಕಡಿಮೆ. ಮಾತಾಡಿಸಿದರೂ "ಎಷ್ಟು ಮಂದಿ ವೈರಿಗಳನ್ನು ಕೊಂದ್ರಿ ಕಾಕಾ?" ಅಂತ ಕೇಳುತ್ತೇವೆ. ಅದನ್ನು ಬಿಟ್ಟು "ನೀವು ಗಡಿಯಲ್ಲಿದ್ದಾಗ ಮನೆ ಯಾರು ನೋಡಿಕೊಂಡ್ರು? ಮೊದಲ ಮಗುವಿನ ಮುಖ ನೋಡಿದ್ದು ಯಾವಾಗ?" ಅಂತ ಕೇಳಿ ನೋಡಿ. ಅವರ ಮನೆಯವರನ್ನೂ ಕೇಳಿ. ನಿಮ್ಮೂರಲ್ಲಿ ಅಂಥವರಿದ್ದರೆ ಅವರ ಕತೆಯನ್ನು ಅವರಿರುವಾಗಲೇ ಬರೆದಿಡಿ, ಓದಲು ನಾನಂತೂ ಕಾಯುತ್ತಿರುತ್ತೇನೆ.