ಶಿಆನ್‌ಗೆ ಹೋದ್ರ ಟೆರಾಕೋಟಾ ಅಷ್ಟ ನೋಡಿ ಬರಬ್ಯಾಡ್ರಿ

(1/3)
ಚೀನಾ ಟ್ರಿಪ್ ರೀಲ್ಸ್ ಈಗ ಎಲ್ಲರ ಫೀಡ್‌ನಾಗೂ ಬರಾಕತ್ತಾವ. ಶಾಂಘೈ ಬಿಲ್ಡಿಂಗ್, ಚೊಂಗ್‌ಚಿಂಗ್‌ನಾಗ ಅಪಾರ್ಟ್‌ಮೆಂಟ್ ಒಳಗ ಹಾಯ್ದು ಹೋಗೋ ರೈಲು, ಎಲ್ಲಾ ಚಂದ ಅದಾವ. ಆದ್ರ ಬಾಗಲಕೋಟಿ ಜಿಲ್ಲೆಯವರು ಚೀನಾಕ್ಕ ಹೋಗೋದಾದ್ರ ಮೊದಲು ಹೋಗಬೇಕಾದ ಊರು ಬ್ಯಾರೇನ ಐತಿ, ಶಿಆನ್. ಈಗ ಅಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ಅದಾರ. ಹಳೇ ಹೆಸರು ಚಾಂಗಾನ್, ಥಾಂಗ್ ಅರಸರ ರಾಜಧಾನಿ. ನಮ್ಮ ಇಮ್ಮಡಿ ಪುಲಿಕೇಶಿ ಬಗ್ಗೆ ಬರೆದ ಸನ್ಯಾಸಿ ಆ ಊರಿಂದ ಹೊಂಟು, 16 ವರ್ಷ ತಿರುಗಿ, ಮತ್ತ ಅಲ್ಲಿಗೇ ಹೋಗಿ ಪುಸ್ತಕ ಮಾಡಿದ.

ಹೈಸ್ಕೂಲ್ ಪುಸ್ತಕದಾಗ ಓದೇವಲ್ಲ, ಹ್ಯೂಯೆನ್ ತ್ಸಾಂಗ್, ಅವನ. ಮೊದಲನೇ ಟಿಪ್ ಇದೇ: ಅಲ್ಲಿ ಹೋಗಿ ‘ಹ್ಯೂಯೆನ್ ತ್ಸಾಂಗ್’ ಅಂದ್ರ ಯಾರಿಗೂ ತಿಳಿಯಂಗಿಲ್ಲ. ‘ಶ್ವೆನ್‌ಜಾಂಗ್’ ಅನ್ರಿ. ‘ಥಾಂಗ್ ಸೆಂಗ್’ ಅಂದ್ರ ಸಣ್ಣ ಹುಡುಗರೂ ನಗ್ತಾರ, ಯಾಕಂದ್ರ ವುಕಾಂಗ್ ಮಂಗ್ಯಾನ ಕಥಿಯೊಳಗಿನ ಗುರು ಇವನ. ನೀವು ‘ಬ್ಲ್ಯಾಕ್ ಮಿತ್ ವುಕಾಂಗ್’ ಗೇಮ್ ಆಡಿದ್ರ, ಅದರ ಬೇರು ಇವನ ಪ್ರವಾಸದಾಗ ಐತಿ.

ಉಳಿದ ಟಿಪ್ಸ್ ಜಲ್ದಿ ಹೇಳ್ತೀನಿ. ಫೋನ್‌ಪೇ ಮರೀರಿ. ಅಲಿಪೇ ಹಾಕ್ಕೊಂಡು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸ್ಕೋರಿ. ಅಲ್ಲಿಯ ಇಂಟರ್ನೆಟ್‌ನಾಗ ಗೂಗಲ್, ವಾಟ್ಸ್‌ಆ್ಯಪ್, ಈ ಇನ್‌ಸ್ಟಾಗ್ರಾಂ ಸೈತ ಬಂದ್, ಅದಕ್ಕ ಈ ಪೋಸ್ಟ್ ಸ್ಕ್ರೀನ್‌ಶಾಟ್ ತಗೊಂಡಿಟ್ಕೋರಿ. ಪಾಸ್‌ಪೋರ್ಟ್ ಯಾವಾಗ್ಲೂ ಕೈಯಾಗಿರ್ಲಿ, ರೈಲಿಗೂ ಮ್ಯೂಸಿಯಂಗೂ ಅದನ್ನ ಕೇಳ್ತಾರ. ಅಕ್ಟೋಬರ್ ಮೊದಲನೇ ವಾರ ಹೋಗಬ್ಯಾಡ್ರಿ, ಇಡೀ ಚೀನಾಕ್ಕ ಸೂಟಿ, ಕಾಲಿಡಾಕ ಜಾಗ ಇರಂಗಿಲ್ಲ. ನಮ್ಮಲ್ಲಿಯ ಸಸ್ಯಾಹಾರಿಗಳು ‘ವೊ ಚೀ ಸು’ ಅನ್ನೋದು ಬಾಯಿಪಾಠ ಮಾಡ್ರಿ, ‘ನಾ ಸಸ್ಯಾಹಾರಿ’ ಅಂತ ಅರ್ಥ. ಬೌದ್ಧ ಗುಡಿಗಳ ಊಟದಾಗ ಉಳ್ಳಾಗಡ್ಡಿ, ಬಳ್ಳೊಳ್ಳಿ ಸೈತ ಇರಂಗಿಲ್ಲ.

ವೀಸಾ ಬೇಕೇ ಬೇಕು. ಶ್ವೆನ್‌ಜಾಂಗ್ 629ರ ಸುಮಾರಿಗೆ ಹೊಂಟಾಗ ದೇಶ ಬಿಟ್ಟು ಹೋಗಾಕ ಅಪ್ಪಣೆ ಇರಲಿಲ್ಲ, ಕದ್ದು ಗಡಿ ದಾಟಿದ. ತಿರುಗಿ ಬರುವಾಗ ಖೋತಾನ್‌ನಿಂದ ಚಕ್ರವರ್ತಿಗೆ ಪತ್ರ ಬರೆದು ತಪ್ಪೊಪ್ಪಿಕೊಂಡ. ನಿಮಗ ಆ ರಿಯಾಯ್ತಿ ಸಿಗಂಗಿಲ್ಲ.

(2/3)
ಶಿಆನ್‌ನ ಕೋಟಿ ಗೋಡೆ ಮ್ಯಾಲ ಸೈಕಲ್ ಹೊಡೀಬಹುದು, ಸುತ್ತಳತಿ ಸುಮಾರು 14 ಕಿ.ಮೀ. ಹೊಡೀರಿ, ಮಜಾ ಐತಿ. ಆದ್ರ ಅದನ್ನ ನೋಡಿ ಇದೇ ಶ್ವೆನ್‌ಜಾಂಗ್‌ನ ಊರು ಅನ್ಕೋಬ್ಯಾಡ್ರಿ. ಆ ಗೋಡೆ ಮಿಂಗ್ ಅರಸರ ಕಾಲದ್ದು, 1370ರ ದಶಕದ್ದು. ಥಾಂಗ್ ಕಾಲದ ಚಾಂಗಾನ್ ಇದರ ಆರೇಳು ಪಟ್ಟು ದೊಡ್ಡದಿತ್ತು. ಚದುರಂಗದ ಮನಿಯಂಗ ನೂರಕ್ಕೂ ಹೆಚ್ಚು ಓಣಿ, ರಾತ್ರಿ ನಗಾರಿ ಬಾರಿಸಿದ ಮ್ಯಾಲ ಓಣಿ ಬಾಗಿಲು ಬಂದ್. ಹಂಗಾಗಿ ಅವನ ಗುರುತು ಈಗಿನ ಗೋಡೆಯ ಹೊರಗ, ದಕ್ಷಿಣಕ್ಕ ಸಿಗ್ತಾವ. ಮೆಟ್ರೋದಾಗ ‘ಡಾಯಾನ್‌ಥಾ’ ಸ್ಟೇಷನ್ ಇಳೀರಿ.

ಡಾಯಾನ್‌ಥಾ ಅಂದ್ರ ದೊಡ್ಡ ಕಾಡುಬಾತಿನ ಗೋಪುರ. 645ರಲ್ಲಿ ಅವನು 20 ಕುದುರಿ ಮ್ಯಾಲ 657 ಗ್ರಂಥ ಹೇರಿಕೊಂಡು ಬಂದ. (ಸ್ಟಾಕ್ ಲೆಕ್ಕ ಇಷ್ಟು ಕರೆಕ್ಟ್ ಇಟ್ಟವನ್ನ ನೋಡಿದ್ರ ಬಿಕಾಂದವರಿಗೆ ಖುಷಿ ಆಗ್ಬೇಕು. ಸಿಂಧೂ ನದಿ ದಾಟುವಾಗ 50 ಹಸ್ತಪ್ರತಿ ನೀರುಪಾಲಾದುವು, ಅದೂ ಲೆಕ್ಕದಾಗ ಐತಿ!) ಅವನ್ನೆಲ್ಲಾ ಇಡಾಕ 652ರಲ್ಲಿ ಈ ಗೋಪುರ ಕಟ್ಟಿದರು. ಈಗ ಏಳು ಅಂತಸ್ತು. ಮುಂದಿನ ಚೌಕದಾಗ ಕೋಲು ಹಿಡಿದು ನಿಂತ ಅವನ ಮೂರ್ತಿ ಐತಿ. 2015ರಲ್ಲಿ ಪ್ರಧಾನಿ ಮೋದಿಯವರೂ ಇಲ್ಲಿಗೆ ಹೋಗಿದ್ರು.

ಪುಲಿಕೇಶಿ ಬಗ್ಗೆ ಅವನು ಏನು ಬರೆದ? ಸುಮಾರು 641ರಲ್ಲಿ ನಮ್ಮ ಕಡಿ ಹಾಯ್ದು ಹೋದ. ದೇಶದ ಹೆಸರು ‘ಮೊ-ಹೊ-ಲ-ಚ’, ಅಂದ್ರ ಮಹಾರಾಷ್ಟ್ರ. ಅರಸ ‘ಪು-ಲೊ-ಕಿ-ಶೆ’. ಇಲ್ಲಿಯ ಮಂದಿ ಉಪಕಾರ ಮರೆಯಂಗಿಲ್ಲ, ಅವಮಾನ ಸಹಿಸಂಗಿಲ್ಲ. ಸೇಡು ತೀರಿಸ್ಕೊಳ್ಳಾಕ ಹೋಗೂಕಿಂತ ಮೊದಲು ವೈರಿಗೆ ಹೇಳಿ ಕಳಿಸ್ತಾರ. ಯುದ್ಧಕ್ಕ ಮೊದಲು ವೀರರೂ ಕುಡೀತಾರ, ಆನಿಗೂ ಕುಡಿಸ್ತಾರ. ಸೋತು ಬಂದ ಸೇನಾಪತಿಗೆ ಶಿಕ್ಷೆ ಇಲ್ಲ, ಹೆಂಗಸರ ಬಟ್ಟಿ ಕೊಡ್ತಾರ. (ಅದು ಅವಮಾನ ಹೆಂಗಾತು ಅಂತ ಇಳಕಲ್ ಸೀರಿ ಉಟ್ಟವರು ಕೇಳಬೇಕು.)

‘ಹ್ಯೂಯೆನ್ ತ್ಸಾಂಗ್ ಬಾದಾಮಿಗೆ ಬಂದಿದ್ದ’ ಅಂತ ಹಾಕೋ ರೀಲ್ಸ್ ಬಗ್ಗೆ ಒಂದು ಮಾತು. ಅವನು ಕಂಡ ರಾಜಧಾನಿಯ ಪಶ್ಚಿಮಕ್ಕ ಒಂದು ದೊಡ್ಡ ಹೊಳಿ ಇತ್ತು ಅಂತ ಬರೆದಾನ. ಬಾದಾಮಿಯ ಪಶ್ಚಿಮಕ್ಕ ಯಾವ ಹೊಳಿ ಐತಿ ಹೇಳ್ರಿ? ಮಲಪ್ರಭಾ ಇರೋದು ಆ ಕಡಿ, ಪಟ್ಟದಕಲ್ಲ ಬಾಜೂಕ. ಅದಕ್ಕ ಬಹಳ ವಿದ್ವಾಂಸರು ಅವನು ನೋಡಿದ ಊರು ನಾಸಿಕ್ ಇರಬೇಕು ಅಂತಾರ. ನನಗೂ ಅದೇ ಸರಿ ಅನಿಸ್ತೈತಿ. ನಮ್ಮ ಊರಿಗೆ ಬಂದಿಲ್ಲಾಂದ್ರ ಅವನ ಮಾತಿನ ಬೆಲಿ ಕಮ್ಮಿ ಆಗಂಗಿಲ್ಲ.

(3/3)
ಬೆಲಿ ಎಲ್ಲೈತಿ ನೋಡ್ರಿ. ಪುಲಿಕೇಶಿ ಹರ್ಷವರ್ಧನನ್ನ ಸೋಲಿಸಿದ ಅಂತ ಐಹೊಳೆಯ ಶಾಸನದಾಗ ಬರೆದಾನ ರವಿಕೀರ್ತಿ, 634ರಲ್ಲಿ. ಹರ್ಷನ ಹರ್ಷವೇ ಹೋಯ್ತು ಅಂತ ಹೆಸರಿನ ಮ್ಯಾಲ ಆಟ ಆಡ್ಯಾನ. ಆದ್ರ ರವಿಕೀರ್ತಿ ಪುಲಿಕೇಶಿಯ ಕಡಿಯವ. ಆಸ್ಥಾನದ ಕವಿ ಹೊಗಳಿದ್ದನ್ನ ಹೊರಗಿನವರು ಯಾಕ ನಂಬಬೇಕು? ಶ್ವೆನ್‌ಜಾಂಗ್ ಹಂಗಲ್ಲ. ಅವನು ಹರ್ಷನ ಅತಿಥಿ. ಕನೌಜ್‌ನಾಗ ಹರ್ಷ ದೊಡ್ಡ ಸಭಾ ಕರೆದು ಅವನಿಗೆ ಮರ್ಯಾದಿ ಮಾಡಿದ್ದ. ಅಂಥವ ತನ್ನ ಪುಸ್ತಕದಾಗ, ಹರ್ಷ ಎಲ್ಲಾ ಕಡಿ ಗೆದ್ದ, ಈ ಮಂದಿ ಮಾತ್ರ ಅವನಿಗೆ ಬಗ್ಗಲಿಲ್ಲ ಅಂತ ಬರೆದ. ನಮ್ಮ ಕ್ಲಾಸಿನ ಭಾಷಾದಾಗ ಹೇಳಬೇಕಂದ್ರ ಇವನು ಹೊರಗಿನ ಆಡಿಟರ್, ಅದೂ ಎದುರು ಪಾರ್ಟಿಯ ಮನ್ಯಾಗ ಉಂಡು ಬಂದವ.

ಅವನು ಹೋದ ಮರುವರ್ಷ, 642ರಲ್ಲಿ, ಪಲ್ಲವರ ನರಸಿಂಹವರ್ಮ ಬಾದಾಮಿ ಹಿಡಿದು ‘ವಾತಾಪಿಕೊಂಡ’ ಅನ್ನಿಸ್ಕೊಂಡ. ಪುಲಿಕೇಶಿಯ ಕಥಿ ಅಲ್ಲಿಗೆ ಮುಗೀತು. ಶ್ವೆನ್‌ಜಾಂಗ್ 646ರಲ್ಲಿ ಶಿಷ್ಯ ಬಿಯಾನ್‌ಜಿಯ ಕೈಲಿ ಪುಸ್ತಕ ಬರೆಸಿ ಮುಗಿಸುವಾಗ ಆ ಸೋಲಿನ ಮಾತು ಅದರಾಗ ಬರಲಿಲ್ಲ. ಅದರಾಗ ಪುಲಿಕೇಶಿ ಇನ್ನೂ ಆಳಾಕತ್ತಾನ.

ಗೋಪುರಕ್ಕ ಹೋದಾಗ ಫೋಟೋ ತಗೊಂಡು ತಿರುಗಬ್ಯಾಡ್ರಿ. ದಕ್ಷಿಣ ಬಾಗಿಲಿನ ಆಜೂಬಾಜೂ ಎರಡು ಕಲ್ಲು ಅದಾವ. ಅವನ ಅನುವಾದಗಳಿಗೆ ಚಕ್ರವರ್ತಿಗಳು ಬರೆದ ಮುನ್ನುಡಿ, ಅಕ್ಷರ ಛು ಸುಯಿಲಿಯಾಂಗ್‌ನದು, ವರ್ಷ 653. ಐಹೊಳೆ ಶಾಸನ ಕೆತ್ತಿ ಇನ್ನೂ 20 ವರ್ಷ ಆಗಿರಲಿಲ್ಲ.

ಟೆರಾಕೋಟಾ ಸೈನ್ಯಕ್ಕೂ ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಅದು ಇರೋದು ಲಿನ್‌ಟೊಂಗ್‌ನಾಗ. ಅದು ದಾಳಿಂಬ್ರಿಗೆ ಹೆಸರಾದ ಊರು, ಶಿಆನ್‌ನ ನಗರ ಹೂವು ಸೈತ ದಾಳಿಂಬ್ರಿ ಹೂವು. ಹಿಂದೂಸ್ತಾನದಾಗ ದಾಳಿಂಬ್ರಿ ಎಲ್ಲಾ ಕಡಿ ಬೆಳೀತಾರ ಅಂತ ಶ್ವೆನ್‌ಜಾಂಗ್ ಬರೆದಾನ. ಕಲಾದಗಿಯವರು ಅಲ್ಲಿ ಒಂದು ಕೊಂಡು ತಿಂದು, ಯಾವುದು ರುಚಿ ಅಂತ ಕಮೆಂಟ್‌ನಾಗ ಹೇಳ್ರಿ.

ಚೀನಾಕ್ಕ ಈಗ ರೊಕ್ಕ ಇಲ್ಲ ಅನ್ನೋರು ಐಹೊಳೆಗೆ ಹೋಗ್ರಿ. ಮೇಗುತಿ ಗುಡಿ ಗುಡ್ಡದ ಮ್ಯಾಲೈತಿ. ಶಾಸನ ಪೂರ್ವದ ಗೋಡಿಗೆ, 19 ಸಾಲು, ಭಾಷಾ ಸಂಸ್ಕೃತ, ಲಿಪಿ ಹಳಗನ್ನಡದ್ದು. ಮುಂಜಾನೆ ಹೋದ್ರ ಬಿಸಿಲು ನೇರ ಅದರ ಮ್ಯಾಲೇ ಬೀಳ್ತೈತಿ.